ಪ್ರಯಾಣದಲ್ಲಿ ಕೇಳಿ ಕಲಿಯುವುದು ಹೇಗೆ? ಮುಂಬೈ, ಪುಣೆ, ಗೋವಾದ ಕನ್ನಡಿಗ ಮನೋವೈದ್ಯರಿಗೆ

ಡೊಂಬಿವಲಿಯಲ್ಲಿ ಮನೆ, ಪರೇಲ್‌ನಲ್ಲಿ ಆಸ್ಪತ್ರೆ, ಸಂಜೆ ಮುಲುಂಡ್‌ನಲ್ಲಿ ಕ್ಲಿನಿಕ್. ಮುಂಬೈಯಲ್ಲಿ ಹೀಗೆ ದಿನ ಕಳೆಯುವ ಮನೋವೈದ್ಯರು ಬಹಳ ಜನ. ಪುಣೆಯವರಿಗೆ ಹಿಂಜವಡಿಯ ಟ್ರಾಫಿಕ್ಕು, ಗೋವಾದವರಿಗೆ ಮಡಗಾಂವ್‌ನಿಂದ ಬಾಂಬೋಲಿಯವರೆಗಿನ ಬಸ್ಸು. ಕೂತು ಜರ್ನಲ್ ಓದೋಣ ಅಂದರೆ ಸಮಯ ಸಿಗುವುದಿಲ್ಲ. ಕಿವಿಗೆ ಮಾತ್ರ ದಿನವೂ ಒಂದೆರಡು ಗಂಟೆ ಬಿಡುವು ಇರುತ್ತದೆ. ಆ ಬಿಡುವನ್ನು ಕಲಿಕೆಗೆ ಬಳಸುವುದು ಹೇಗೆ ಅಂತ ನಮ್ಮ ಕಡೆಯ ಯುವ ಮನೋವೈದ್ಯರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವೈದ್ಯರು ಕೇಳಿ ಕಲಿಯುವುದು ಹೊಸ ವಿಷಯವೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ವೈದ್ಯರ ಸಂಘದಿಂದ 1950ರ ದಶಕದಲ್ಲೇ ಆಡಿಯೋ ಡೈಜೆಸ್ಟ್ ಶುರುವಾಗಿತ್ತು. ಉಪನ್ಯಾಸಗಳನ್ನು ಟೇಪ್ ಮಾಡಿ ವೈದ್ಯರಿಗೆ ಕಳಿಸುತ್ತಿದ್ದರು. ಈಗ ಅದೆಲ್ಲ ಫೋನಿನಲ್ಲೇ ಇದೆ. ಅಗತ್ಯವೂ ಜಾಸ್ತಿಯಾಗಿದೆ. 2010ರಲ್ಲಿ ಎಂ.ಡಿ. ಮುಗಿಸಿದವರನ್ನೇ ತೆಗೆದುಕೊಳ್ಳಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೇ ಆವೃತ್ತಿ, ಐಸಿಡಿ-11, 2022ರ ಜನವರಿಯಿಂದ ಬಳಕೆಗೆ ಬಂತು. ಡೊಪಮಿನ್ ರಿಸೆಪ್ಟರನ್ನು ನೇರವಾಗಿ ತಡೆಯದೆ ಕೆಲಸ ಮಾಡುವ ಸ್ಕಿಜೋಫ್ರೇನಿಯಾ ಔಷಧಿಗೆ, ಅಂದರೆ ಜಾನೊಮೆಲಿನ್-ಟ್ರೋಸ್ಪಿಯಂಗೆ, ಅಮೆರಿಕದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಇದ್ಯಾವುದೂ ಅವರ ಕಾಲೇಜಿನ ಪಾಠದಲ್ಲಿ ಇರಲಿಲ್ಲ, ಅಲ್ವಾ?

ಆದರೆ ಸುಮ್ನೆ ಕೇಳುತ್ತಾ ಹೋದರೆ ಕಲಿತಂತಾಗುವುದಿಲ್ಲ. ಕೇಳಿದ ವಿಷಯ ನಿಮ್ಮ ಓಪಿಡಿಯ ಒಬ್ಬ ಪೇಷಂಟ್‌ಗಾದರೂ ತಲುಪಬೇಕು. ಕೆಳಗೆ ಹೇಳಿರುವ ಕ್ರಮವೆಲ್ಲ ಅದಕ್ಕಾಗಿಯೇ.

ಮೊದಲು ಪ್ರಶ್ನೆ, ಆಮೇಲೆ ಆಡಿಯೋ

ಪಾಡ್‌ಕಾಸ್ಟ್ ಆ್ಯಪ್ ತೆರೆದು ಮೇಲೆ ಕಾಣಿಸಿದ್ದನ್ನು ಒತ್ತಬೇಡಿ. ವಾರದ ಓಪಿಡಿ ಮುಗಿದ ಮೇಲೆ, ನಿಮಗೆ ಉತ್ತರ ಸರಿಯಾಗಿ ಗೊತ್ತಿರದ ಒಂದು ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. ಪ್ರಶ್ನೆ ಚಿಕ್ಕದಾಗಿರಲಿ. 'ಬೈಪೋಲಾರ್ ಬಗ್ಗೆ ತಿಳಿಯಬೇಕು' ಅಂದರೆ ಎಲ್ಲಿಂದ ಶುರು ಮಾಡುತ್ತೀರಿ? 'ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುತ್ತಿರುವ ಹೆಂಗಸು ಗರ್ಭಿಣಿಯಾಗಲು ಯೋಚಿಸುತ್ತಿದ್ದಾಳೆ, ಈಗ ನಾನು ಏನು ಮಾತಾಡಬೇಕು?' ಅಂತ ಬರೆದರೆ ಹುಡುಕಲು ದಾರಿ ಸಿಗುತ್ತದೆ. ವಾರಕ್ಕೆ ಒಂದೇ ಪ್ರಶ್ನೆ ಸಾಕು. ಅದಕ್ಕೆ ಸಂಬಂಧಪಟ್ಟ ಎರಡು ಮೂರು ಆಡಿಯೋ ಆರಿಸಿಕೊಂಡರೆ ಆ ವಾರದ ಕೆಲಸ ಮುಗಿಯಿತು.

ಎಲ್ಲಿ ಹುಡುಕುವುದು

ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿ, ಲ್ಯಾನ್ಸೆಟ್ ಸೈಕಿಯಾಟ್ರಿ, ಜಾಮಾ ಸೈಕಿಯಾಟ್ರಿ ಈ ಮೂರೂ ತಮ್ಮಲ್ಲಿ ಪ್ರಕಟವಾದ ಸಂಶೋಧನೆಯ ಲೇಖಕರನ್ನು ಮಾತಾಡಿಸಿ ಆಡಿಯೋ ಕೊಟ್ಟಿವೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ ಕೂಡ ಪಾಡ್‌ಕಾಸ್ಟ್ ನಡೆಸಿದೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ತನ್ನದೇ ಡಿಜಿಟಲ್ ಅಕಾಡೆಮಿ ಇದೆ. ಇನ್ನೊಂದು ದಾರಿ ಬಹಳ ಜನರಿಗೆ ಹೊಳೆಯುವುದಿಲ್ಲ. ಭಾರತೀಯ ಮನೋವೈದ್ಯರ ಸಂಘದ ಜರ್ನಲ್, ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ, ಯಾರು ಬೇಕಾದರೂ ಓದಬಹುದಾದ ಮುಕ್ತ ಜರ್ನಲ್. ಸಂಘದ ಚಿಕಿತ್ಸಾ ಮಾರ್ಗಸೂಚಿಗಳೂ ಅದರಲ್ಲೇ ಬರುತ್ತವೆ. ಫೋನಿನಲ್ಲಿ ಪಠ್ಯವನ್ನು ಗಟ್ಟಿಯಾಗಿ ಓದಿಸುವ ಸೌಲಭ್ಯ ಇದ್ದೇ ಇರುತ್ತದೆ. ಮಾರ್ಗಸೂಚಿಯ ಒಂದು ಭಾಗವನ್ನು ತೆರೆದು, ಕೋಷ್ಟಕ ಮತ್ತು ಉಲ್ಲೇಖಗಳ ಪಟ್ಟಿ ಬಿಟ್ಟು, ಉಳಿದದ್ದನ್ನು ಓದಿಸಿಕೊಳ್ಳಿ. ಯಂತ್ರದ ದನಿಗೆ ಕಿವಿ ಒಗ್ಗಲು ಒಂದೆರಡು ದಿನ ಬೇಕು, ಅಷ್ಟೇ.

ಲೇಖನವನ್ನು ಕೊಟ್ಟರೆ ಇಬ್ಬರು ಹರಟುವ ಹಾಗೆ ಆಡಿಯೋ ಮಾಡಿಕೊಡುವ ಎಐ ಸಾಧನಗಳೂ ಬಂದಿವೆ. ಕೇಳಲು ಹಿತವಾಗಿರುತ್ತವೆ. ಆದರೆ ಮೂಲದಲ್ಲಿ ಇಲ್ಲದ್ದನ್ನೂ ಅಷ್ಟೇ ಧೈರ್ಯದಿಂದ ಹೇಳಿಬಿಡುತ್ತವೆ. ಅದನ್ನು ಕೇಳಿದ ಮೇಲೆ ಮೂಲ ಲೇಖನದ ಸಾರಾಂಶವನ್ನಾದರೂ ಕಣ್ಣಾರೆ ಓದಿ.

ಪ್ರತಿ ಆಡಿಯೋದ ಮೊದಲ ಎರಡು ನಿಮಿಷವನ್ನು ಗಮನವಿಟ್ಟು ಕೇಳಿ. ಇದಕ್ಕೆ ದುಡ್ಡು ಕೊಟ್ಟವರು ಯಾರು, ಮಾತಾಡುವವರು ಯಾವ ಕಂಪನಿಯ ಸಲಹೆಗಾರರು ಅಂತ ಅಲ್ಲೇ ಹೇಳುತ್ತಾರೆ. ಎಲ್ಲೂ ಹೇಳದಿದ್ದರೆ, ಮತ್ತು ಇಡೀ ಮಾತು ಒಂದೇ ಹೊಸ ಔಷಧಿಯ ಸುತ್ತ ತಿರುಗುತ್ತಿದ್ದರೆ, ಆ ಆಡಿಯೋ ಬಿಟ್ಟುಬಿಡಿ.

ಹಿಂದಿನ ರಾತ್ರಿಯ ಸಿದ್ಧತೆ

ಮನೆಯ ವೈಫೈಯಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅರ್ಧ ಗಂಟೆಯ ಆಡಿಯೋ ಸಾಮಾನ್ಯವಾಗಿ 15ರಿಂದ 30 ಎಂಬಿ ಆಗುತ್ತದೆ, ಹೆಚ್ಚೇನಲ್ಲ. ಲೋಣಾವಳ ಘಾಟಿಯ ಸುರಂಗಗಳಲ್ಲಿ, ಕೊಂಕಣ ರೈಲಿನಲ್ಲಿ ರತ್ನಾಗಿರಿಯ ಆಚೀಚೆ, ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಮಾತು ಅರ್ಧಕ್ಕೆ ತುಂಡಾದರೆ ಗಮನವೂ ತುಂಡಾಗುತ್ತದೆ.

ಕಿವಿಯನ್ನು ಚೆನ್ನಾಗಿ ಮುಚ್ಚುವ ಇಯರ್‌ಫೋನ್ ಕೊಳ್ಳಿ. ಲೋಕಲ್‌ನ ಗದ್ದಲದಲ್ಲಿ ಸಾಧಾರಣ ಇಯರ್‌ಫೋನ್ ಹಾಕಿದರೆ ದನಿ ಏರಿಸುತ್ತಲೇ ಹೋಗಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ ಮಿತಿ. ದನಿ ಏರಿದಷ್ಟೂ ಆ ಗಂಟೆಗಳು ಬೇಗ ಬೇಗ ಇಳಿಯುತ್ತವೆ. ನಮ್ಮ ಕಸುಬೇ ಕಿವಿಯದು. ಅದನ್ನು ಹಾಳು ಮಾಡಿಕೊಳ್ಳಬಾರದು.

ಇನ್ನು, ಸೀಟು ಸಿಕ್ಕಿದ ಮೇಲೆ ಅಥವಾ ಒಳಗೆ ಗಟ್ಟಿಯಾಗಿ ನಿಂತ ಮೇಲಷ್ಟೇ ಇಯರ್‌ಫೋನ್ ಹಾಕಿ. ಪ್ಲಾಟ್‌ಫಾರಂನಲ್ಲಿ, ರಸ್ತೆ ದಾಟುವಾಗ, ಬಾಗಿಲಲ್ಲಿ ನಿಂತಾಗ ಬೇಡವೇ ಬೇಡ. ಕಾರು ಓಡಿಸುವಾಗ ಔಷಧಿ, ಡೋಸ್ ಅಂತ ಲೆಕ್ಕ ಹಾಕಬೇಕಾದ ಆಡಿಯೋ ಹಾಕಬೇಡಿ. ಕೈ ಸ್ಟೀರಿಂಗ್ ಮೇಲಿದ್ದರೂ ತಲೆ ಬೇರೆ ಕಡೆ ಇರುತ್ತದೆ.

ಬೆಳಗ್ಗೆ ಕೇಳಿ, ಸಂಜೆ ಬೇಡ

ಇದು ನನ್ನ ಗಟ್ಟಿ ಅಭಿಪ್ರಾಯ. ದಿನವಿಡೀ ಮೂವತ್ತು ನಲವತ್ತು ಜನರ ಕಷ್ಟ ಕೇಳಿದ ಕಿವಿಗೆ ಸಂಜೆಯ ಲೋಕಲ್‌ನಲ್ಲಿ ಮತ್ತೆ ಆತ್ಮಹತ್ಯೆಯ ಬಗ್ಗೆ, ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಉಪನ್ಯಾಸ ಹಾಕಬೇಡಿ. ಶಸ್ತ್ರಚಿಕಿತ್ಸೆ ಮಾಡುವ ಗೆಳೆಯರಿಗೆ ಸಂಜೆ ಕೇಳುವುದು ಒಂದು ಬದಲಾವಣೆ. ನಮಗೆ ಅದು ಅದೇ ಕೆಲಸದ ಮುಂದುವರಿಕೆ. ಸಂಜೆ ಹಾಡು ಕೇಳಿ, ಇಲ್ಲದಿದ್ದರೆ ಸುಮ್ಮನೆ ಕಿಟಕಿಯಾಚೆ ನೋಡಿ. ಬೆಳಗಿನ ಪ್ರಯಾಣ ವಾರಕ್ಕೆ ಮೂರು ದಿನ ಸಿಕ್ಕರೆ ಧಾರಾಳವಾಯಿತು.

ವೇಗದ ವಿಷಯಕ್ಕೆ ಬಂದರೆ, ಪರಿಚಿತ ವಿಷಯಕ್ಕೆ 1.25 ಪಟ್ಟು ಇಡಬಹುದು. ಹೊಸದಕ್ಕೆ ಮಾಮೂಲಿ ವೇಗವೇ ಒಳ್ಳೆಯದು.

ಕೇಳಿ ಮುಗಿದ ಮೇಲಿನ ಐದು ನಿಮಿಷ

ಕೇಳುವುದಕ್ಕಿಂತ ಈ ಐದು ನಿಮಿಷ ಮುಖ್ಯ. ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದರೆ ಘಾಟ್‌ಕೋಪರ್ ಬರುವಷ್ಟರಲ್ಲಿ ಅರ್ಧ ಗಂಟೆಯ ಆಡಿಯೋ ಮುಗಿದಿರುತ್ತದೆ. ತಕ್ಷಣ ಮುಂದಿನದಕ್ಕೆ ಹೋಗಬೇಡಿ. ಒಂದೈದು ನಿಮಿಷ, ಏನನ್ನೂ ನೋಡದೆ, ಈಗ ಕೇಳಿದ್ದನ್ನು ಮನಸ್ಸಿನಲ್ಲೇ ನಿಮ್ಮ ಮಾತಿನಲ್ಲಿ ಹೇಳಿಕೊಳ್ಳಿ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಅಂತ ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ. ಮತ್ತೆ ಮತ್ತೆ ಓದಿದವರಿಗಿಂತ, ಓದಿದ್ದನ್ನು ನೆನಪಿನಿಂದ ಹೊರತೆಗೆಯಲು ಪ್ರಯತ್ನಿಸಿದವರಿಗೆ ಒಂದು ವಾರದ ನಂತರ ಜಾಸ್ತಿ ನೆನಪಿತ್ತು ಅಂತ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಆ ಕ್ಷಣಕ್ಕೆ ಕಷ್ಟ ಅನಿಸುವ ಈ ನೆನಪಿಸಿಕೊಳ್ಳುವ ಕೆಲಸವೇ ಪಾಠವನ್ನು ಉಳಿಸುತ್ತದೆ.

ಆಸ್ಪತ್ರೆ ತಲುಪಿದ ಮೇಲೆ ಫೋನಿಗೆ ಒಂದು ನಿಮಿಷದ ಧ್ವನಿ ಟಿಪ್ಪಣಿ ಹೇಳಿಡಿ. ಅದರಲ್ಲಿ ಮೂರು ಮಾತು ಇರಲಿ. ಹೊಸದೇನು, ಯಾರಿಗೆ ಬೇಕು, ನಾನು ಏನು ಮಾಡುತ್ತೇನೆ. ಕನ್ನಡದಲ್ಲೇ ಹೇಳಿ. ಉಪನ್ಯಾಸದ ಇಂಗ್ಲಿಷ್ ವಾಕ್ಯವನ್ನು ಹಾಗೇ ಒಪ್ಪಿಸಲು ಆಗ ಆಗುವುದಿಲ್ಲ, ಅರ್ಥ ಆಗಿದ್ದರೆ ಮಾತ್ರ ಮಾತು ಹೊರಡುತ್ತದೆ.

ಒಂದು ಉದಾಹರಣೆ, ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಔಷಧಿಯದು. 'ಕ್ಲೋಜಪಿನ್‌ನಿಂದ ಕರುಳಿನ ಚಲನೆ ನಿಧಾನವಾಗುತ್ತದೆ. ಮಲಬದ್ಧತೆ ಮುಂದುವರಿದು ಕರುಳು ಕಟ್ಟಿ ಜೀವಕ್ಕೇ ಅಪಾಯ ಆಗಬಹುದು, 2020ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಎಚ್ಚರಿಕೆಯನ್ನು ಬಿಗಿ ಮಾಡಿದೆ. ಗುರುವಾರದ ಓಪಿಡಿಯಲ್ಲಿ ಕ್ಲೋಜಪಿನ್ ಮೇಲಿರುವ ಎಲ್ಲರನ್ನೂ ಕೇಳಬೇಕು.' ಇಷ್ಟೇ. ರಕ್ತದ ಬಿಳಿಕಣ ಎಷ್ಟಿದೆ ಅಂತ ನಾವು ತಪ್ಪದೆ ನೋಡುತ್ತೇವೆ. ಹೊಟ್ಟೆ ಸರಿಯಾಗಿ ಹೋಗುತ್ತಾ ಅಂತ ಕೇಳುವುದು ಬಿಟ್ಟುಹೋಗುತ್ತದೆ. ಪೇಷಂಟ್ ನಾಚಿಕೆಯಿಂದ ತಾನಾಗಿ ಹೇಳುವುದಿಲ್ಲ. ಒಂದು ಆಡಿಯೋದಿಂದ ಈ ಒಂದು ಪ್ರಶ್ನೆ ನಿಮ್ಮ ರೂಢಿಗೆ ಬಂದರೆ ಅದು ಸಾರ್ಥಕ.

ಈ ಟಿಪ್ಪಣಿಗಳನ್ನು ಒಂದು ವಾರದ ನಂತರ, ಮತ್ತೆ ಒಂದು ತಿಂಗಳ ನಂತರ ಕೇಳಿ.

ಡೋಸ್ ವಿಷಯದಲ್ಲಿ ಮಾತ್ರ ಕಿವಿಯನ್ನು ನಂಬಬೇಡಿ. ರೈಲಿನ ಸದ್ದಿನಲ್ಲಿ ಫಿಫ್ಟೀನ್ ಮತ್ತು ಫಿಫ್ಟಿ ಒಂದೇ ಥರ ಕೇಳಿಸುತ್ತವೆ. ಬೈಪೋಲಾರ್‌ಗೆ ಕೊಡುವ ಲ್ಯಾಮೋಟ್ರಿಜಿನ್ ಅನ್ನೇ ನೋಡಿ. ಸಾಮಾನ್ಯವಾಗಿ ಎರಡು ವಾರ ದಿನಕ್ಕೆ 25 ಮಿ.ಗ್ರಾಂ, ಮುಂದಿನ ಎರಡು ವಾರ ದಿನಕ್ಕೆ 50 ಮಿ.ಗ್ರಾಂ. ಪೇಷಂಟ್ ವಾಲ್ಪ್ರೊಯೇಟ್ ಕೂಡ ತೆಗೆದುಕೊಳ್ಳುತ್ತಿದ್ದರೆ ಅದರ ಅರ್ಧ. ಬೇಗ ಏರಿಸಿದರೆ ಸ್ಟೀವನ್ಸ್-ಜಾನ್ಸನ್‌ನಂಥ ಚರ್ಮದ ತೊಂದರೆಯ ಅಪಾಯ ಹೆಚ್ಚು. ಇಂಥ ಸಂಖ್ಯೆಯನ್ನು ಕೇಳಿದ್ದರಿಂದ ಬರೆಯಬಾರದು, ಪುಸ್ತಕ ತೆರೆದು ನೋಡಿ ಬರೆಯಬೇಕು. ಇಸಿಜಿ, ಕೈನಡುಕ, ಬಾಯಿಯ ಅನೈಚ್ಛಿಕ ಚಲನೆ ಇಂಥವೂ ಕಣ್ಣಿನಿಂದ ಕಲಿಯುವ ವಿಷಯ. ಅನುಭವಿ ವೈದ್ಯರು ಹೇಗೆ ಯೋಚಿಸುತ್ತಾರೆ, ಎಲ್ಲಿ ಅನುಮಾನ ಪಡುತ್ತಾರೆ, ಪೇಷಂಟ್ ಮುಂದೆ ಯಾವ ಪದ ಬಳಸುತ್ತಾರೆ ಅನ್ನುವುದು ಮಾತ್ರ ಪುಸ್ತಕಕ್ಕಿಂತ ಆಡಿಯೋದಲ್ಲಿ ಚೆನ್ನಾಗಿ ಸಿಗುತ್ತದೆ.

ಅಲ್ಲಿಯ ಮಾತು, ಇಲ್ಲಿಯ ಪೇಷಂಟ್

ಕೇಳಲು ಸಿಗುವ ಆಡಿಯೋ ಬಹುಪಾಲು ಅಮೆರಿಕ, ಬ್ರಿಟನ್ನಿನದು. ಅದನ್ನು ಇಲ್ಲಿಗೆ ತರುವಾಗ ಮೂರು ಕಡೆ ನಿಂತು ನೋಡಬೇಕು.

ಮೊದಲನೆಯದು ಕಾನೂನು. ದಾಖಲಾತಿ, ಒಪ್ಪಿಗೆ, ಇಸಿಟಿ (ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಬಗ್ಗೆ ಅಲ್ಲಿಯವರು ಹೇಳುವುದು ನಮಗೆ ಅನ್ವಯಿಸುವುದಿಲ್ಲ. ನಮ್ಮ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 89ನೇ ಕಲಂ ಪ್ರಕಾರ ಬೆಂಬಲಿತ ದಾಖಲಾತಿ, ಅಂದರೆ ಪೇಷಂಟ್‌ನ ಪ್ರತಿನಿಧಿ ಅರ್ಜಿ ಕೊಟ್ಟು ಸೇರಿಸುವುದು, 30 ದಿನದವರೆಗೆ. 94ನೇ ಕಲಂ ಪ್ರಕಾರ ತುರ್ತು ಚಿಕಿತ್ಸೆಗೆ ಸಾಮಾನ್ಯವಾಗಿ 72 ಗಂಟೆಯ ಮಿತಿ, ಮತ್ತು ಆ ತುರ್ತಿನಲ್ಲಿ ಇಸಿಟಿ ಕೊಡುವಂತಿಲ್ಲ. 95ನೇ ಕಲಂ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದ ಇಸಿಟಿಯನ್ನು ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ 115ನೇ ಕಲಂ ಭಾವಿಸುತ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದು ಫೋನಿನ ಕವರಿನಲ್ಲೇ ಇಟ್ಟುಕೊಳ್ಳಿ.

ಎರಡನೆಯದು ಪೇಷಂಟ್‌ನ ಬದುಕು. ತಂಬಾಕು ಬಿಟ್ಟರೆ ರಕ್ತದಲ್ಲಿ ಕ್ಲೋಜಪಿನ್ ಮಟ್ಟ ಏರುತ್ತದೆ ಅಂತ ಆಡಿಯೋದಲ್ಲಿ ಕೇಳುತ್ತೀರಿ. ಅಲ್ಲಿ ತಂಬಾಕು ಅಂದರೆ ಸಿಗರೇಟು. ಕ್ಲೋಜಪಿನ್ ಅನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಚುರುಕು ಮಾಡುವುದು ಹೊಗೆಯಲ್ಲಿರುವ ಹೈಡ್ರೋಕಾರ್ಬನ್‌ಗಳು, ನಿಕೋಟಿನ್ ಅಲ್ಲ. ಹಾಗಾಗಿ ಬೀಡಿ ಸೇದುವವರು ವಾರ್ಡಿಗೆ ಸೇರಿ ಬೀಡಿ ಬಿಟ್ಟರೆ ಮಟ್ಟ ಏರಬಹುದು, ನಿದ್ದೆ, ಜೊಲ್ಲು, ಫಿಟ್ಸ್ ಬಗ್ಗೆ ಎಚ್ಚರ ಬೇಕು. ಗುಟ್ಕಾ ಅಥವಾ ಹಲ್ಲಿಗೆ ಉಜ್ಜುವ ಮಿಶ್ರಿ ಮಾತ್ರ ಬಳಸುವವರು ಅದನ್ನು ಬಿಟ್ಟರೆ ಹಾಗಾಗುವುದಿಲ್ಲ. 'ತಂಬಾಕು ಉಂಟಾ?' ಅಂತ ಕೇಳಿ ಹೌದು ಅಂತ ಬರೆದುಕೊಂಡರೆ ಸಾಲದು. ಸೇದುತ್ತಾರಾ, ಅಗಿಯುತ್ತಾರಾ ಅಂತ ಕೇಳಬೇಕು.

ಲಿಥಿಯಂ ಇನ್ನೊಂದು. ನಮ್ಮ ಹೋಟೆಲ್ ಅಡುಗೆಮನೆಗಳಲ್ಲಿ ದೋಸೆ ಹಂಚಿನ ಮುಂದೆ ಬೆವರು ಸುರಿಸುತ್ತಾ ನಿಲ್ಲುವ ಹುಡುಗರನ್ನು ಯೋಚಿಸಿ. ಬೆವರಿ ನೀರು, ಉಪ್ಪು ಕಡಿಮೆಯಾದರೆ ಲಿಥಿಯಂ ಮಟ್ಟ ಏರುತ್ತದೆ. ಸೊಂಟನೋವಿಗೆ ಮೆಡಿಕಲ್‌ನಿಂದ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ತಂದು ನುಂಗಿದರೂ ಏರುತ್ತದೆ. ರಕ್ತ ಪರೀಕ್ಷೆ ಕೊನೆಯ ಡೋಸ್ ಆಗಿ 12 ಗಂಟೆಗೆ ಆಗಬೇಕು. ರಾತ್ರಿ ಪಾಳಿಯವರು ಮಾತ್ರೆಯನ್ನು ಬೆಳಗ್ಗೆ ಮಲಗುವ ಮುಂಚೆ ನುಂಗುತ್ತಿದ್ದರೆ, ಮಾಮೂಲಿನಂತೆ ಬೆಳಗ್ಗೆ ಲ್ಯಾಬಿಗೆ ಕಳಿಸಿ ತೆಗೆದ ಸಂಖ್ಯೆಗೆ ಅರ್ಥ ಇರುವುದಿಲ್ಲ. ಆಡಿಯೋದಲ್ಲಿ ಈ ಅಡುಗೆಮನೆ ಇರುವುದಿಲ್ಲ. ಅದನ್ನು ನೀವು ಸೇರಿಸಿಕೊಳ್ಳಬೇಕು.

ಮೂರನೆಯದು ನಮ್ಮ ನೆಲದ ಸಂಶೋಧನೆ. ಗೋವಾದ ಸಂಗಾತ್ ಸಂಸ್ಥೆಯ ತಂಡ, ವೈದ್ಯರಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆ ಮತ್ತು ಕುಡಿತದ ತೊಂದರೆಗೆ ಆಪ್ತಸಲಹೆ ಕೊಡಿಸಿ ಪರೀಕ್ಷಿಸಿತು. ಅದರ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ವಿದೇಶದ ಆಡಿಯೋ ಕೇಳುವಾಗ, ಇದೇ ಪ್ರಶ್ನೆಗೆ ನಮ್ಮಲ್ಲಿ ಯಾರಾದರೂ ಉತ್ತರ ಹುಡುಕಿದ್ದಾರಾ ಅಂತ ನೋಡುವ ಅಭ್ಯಾಸ ಇರಲಿ.

ಪೇಷಂಟ್‌ಗಳ ಕನ್ನಡವನ್ನೂ ಕೇಳಿ

ಇದನ್ನು ಯಾರೂ ಕಲಿಕೆ ಅಂತ ಎಣಿಸುವುದಿಲ್ಲ. ನನಗೆ ಇದು ಉಳಿದೆಲ್ಲದಕ್ಕಿಂತ ಮುಖ್ಯ ಅನಿಸುತ್ತದೆ.

ಮಾಟುಂಗದಲ್ಲಿ ಹುಟ್ಟಿ ಬೆಳೆದ ಡಾಕ್ಟರಿಗೆ ಮನೆಯ ಕನ್ನಡ ಚೆನ್ನಾಗಿ ಬರುತ್ತದೆ. ವಾಸ್ಕೋದ ಝುವಾರಿನಗರದಿಂದ ಬರುವ ಬಾಗಲಕೋಟೆಯ ಕೂಲಿ ಹೆಂಗಸಿನ ಕನ್ನಡ ಅರ್ಧ ಮಾತ್ರ ಅರ್ಥವಾಗುತ್ತದೆ. 'ಕುಂತಲ್ಲಿ ಕುಂದ್ರಾಕ ಆಗವಲ್ದು, ನಿಂತಲ್ಲಿ ನಿಂದ್ರಾಕ ಆಗವಲ್ದು' ಅಂತ ಆಕೆ ಹೇಳಿದಾಗ, ಆತಂಕ ಅಂತ ಬರೆದು ಔಷಧಿ ಏರಿಸಿಬಿಡುವುದು ಸುಲಭ. ಹೋದ ವಾರವಷ್ಟೇ ಹ್ಯಾಲೋಪೆರಿಡಾಲ್ ಶುರುವಾಗಿದ್ದರೆ ಅದು ಅಕತೀಸಿಯಾ, ಅಂದರೆ ಆ ಔಷಧಿಯೇ ತರುವ ಚಡಪಡಿಕೆ, ಇರಬಹುದು. ಆಗ ಡೋಸ್ ಏರಿಸಿದರೆ ಆಕೆಯ ನರಳಾಟವೇ ಏರುತ್ತದೆ. ಅಂಧೇರಿಯ ಕ್ಲಿನಿಕ್‌ಗೆ ಬಂದ ಕುಂದಾಪುರದ ಹಿರಿಯರು 'ಒಂದು ನಮೂನೆ ಆಗ್ತದೆ ಡಾಕ್ಟ್ರೆ' ಅಂದು ಸುಮ್ಮನಾಗುತ್ತಾರೆ. ಎದೆಬಡಿತವೋ, ದುಃಖವೋ, ತಲೆಸುತ್ತೋ ಅಂತ ತಾಳ್ಮೆಯಿಂದ ಬಿಡಿಸಿ ಕೇಳಬೇಕು. ಬಿಡಿಸಿ ಕೇಳಲು ಅವರ ಮಾತಿನ ಲಯ ಕಿವಿಯಲ್ಲಿರಬೇಕು.

ಹಾಗಾಗಿ ವಾರಕ್ಕೆ ಒಂದು ದಿನ ಆಕಾಶವಾಣಿ ಹಾಕಿ. ಪ್ರಸಾರ ಭಾರತಿಯ ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಧಾರವಾಡದಂಥ ಕೇಂದ್ರಗಳನ್ನು ಎಲ್ಲಿ ಕೂತಾದರೂ ಕೇಳಬಹುದು. ರೈತರ ಜೊತೆಗಿನ ಮಾತುಕತೆ, ನಾಟಕ, ಫೋನ್ ಇನ್ ಕಾರ್ಯಕ್ರಮ ಇಂಥವನ್ನು ಆರಿಸಿಕೊಳ್ಳಿ. ಸುದ್ದಿ ಬೇಡ, ಅದರ ಕನ್ನಡ ಎಲ್ಲ ಕಡೆ ಒಂದೇ. ಜನ ನೋವು, ಬೇಸರ, ಸಿಟ್ಟನ್ನು ಯಾವ ಮಾತಿನಲ್ಲಿ ಹೇಳುತ್ತಾರೆ ಅಂತ ಗಮನಿಸಿ, ಒಂದೆರಡನ್ನು ಬರೆದಿಟ್ಟುಕೊಳ್ಳಿ.

ಇಂಥ ಪೇಷಂಟ್‌ಗಳು ಹಬ್ಬಕ್ಕೋ ಸುಗ್ಗಿಗೋ ಊರಿಗೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಚೀಟಿಯ ಮೇಲೆ ಬರೆದುಕೊಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಕರೆಗೆ ದುಡ್ಡಿಲ್ಲ.

ನಾಲ್ಕೈದು ಜನರ ಧ್ವನಿ ಗುಂಪು

ಒಬ್ಬರೇ ಕೇಳಿದರೆ ಮೂರು ತಿಂಗಳಿಗೆ ಉತ್ಸಾಹ ಇಳಿಯುತ್ತದೆ. ಮುಂಬೈಯ ಇಬ್ಬರು, ಪುಣೆಯ ಇಬ್ಬರು, ಗೋವಾದ ಒಬ್ಬರು ಸೇರಿದರೆ ಸಾಕು. ವಾರಕ್ಕೊಬ್ಬರು ಐದು ನಿಮಿಷದ ವಾಯ್ಸ್ ನೋಟ್ ಕಳಿಸುವುದು, ಉಳಿದವರು ಒಂದು ಪ್ರಶ್ನೆ ಕೇಳುವುದು. ಜನ ಹೆಚ್ಚಾದರೆ ಗುಡ್ ಮಾರ್ನಿಂಗ್ ಸಂದೇಶಗಳು ಶುರುವಾಗುತ್ತವೆ.

ಒಂದು ವಿಷಯದಲ್ಲಿ ಬಹಳ ಬಿಗಿಯಾಗಿರಿ. ಕಾಯ್ದೆಯ 23ನೇ ಕಲಂ ಪೇಷಂಟ್‌ನ ಗೌಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಹೆಸರು ಹೇಳದಿದ್ದರೆ ಆಯ್ತು ಅಂತ ನಾವು ಅಂದುಕೊಳ್ಳುತ್ತೇವೆ. ಹೊರನಾಡಿನ ಕನ್ನಡಿಗರ ಬಳಗ ಬಹಳ ಚಿಕ್ಕದು. 'ಥಾಣೆಯಲ್ಲಿ ಹೋಟೆಲ್ ಇದೆ, ಮೂಲ ಕಾಪು ಕಡೆಯವರು, ಮಗ ಕೆನಡಾದಲ್ಲಿ' ಅಂದರೆ ಕೇಳಿದ ಐವರಲ್ಲಿ ಒಬ್ಬರಿಗಾದರೂ ಯಾರೆಂದು ಗೊತ್ತಾಗುತ್ತದೆ. ಊರು, ಸಮುದಾಯ, ಕಸುಬು, ಸಂಘದ ಹೆಸರು ಯಾವುದೂ ಬೇಡ. 'ನಲವತ್ತು ದಾಟಿದ ಗಂಡಸು' ಅಂದರೆ ಸಾಕು. ಪೇಷಂಟ್‌ನ ದನಿಯನ್ನು ಲಿಖಿತ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಬೇಡಿ, ಒಪ್ಪಿಗೆ ಇದ್ದರೂ ವಾಟ್ಸಾಪಿಗೆ ಹಾಕಬೇಡಿ. ಗುಂಪಿನ ಸಂದೇಶಗಳು ಕೆಲವು ದಿನಕ್ಕೆ ತಾವೇ ಅಳಿಸಿಹೋಗುವ ಹಾಗೆ ಸೆಟ್ಟಿಂಗ್ ಇಡಿ.

ಪಾಯಿಂಟ್ ಮತ್ತು ದುಡ್ಡು

ವೈದ್ಯರ ವೃತ್ತಿ ನಡತೆಯ 2002ರ ನಿಯಮಗಳು ಪ್ರತಿ 5 ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿದ ಕಲಿಕೆಯನ್ನು ಕೇಳುತ್ತವೆ. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನಲ್ಲೂ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಲು 30 ಕ್ರೆಡಿಟ್ ಪಾಯಿಂಟ್ ಬೇಕು. ಪಾಡ್‌ಕಾಸ್ಟ್ ಕೇಳಿದ್ದಕ್ಕೆ ಪಾಯಿಂಟ್ ಬರುವುದಿಲ್ಲ. ಕೌನ್ಸಿಲ್ ಮಾನ್ಯ ಮಾಡಿದ ಕಾರ್ಯಕ್ರಮಕ್ಕೆ ಮಾತ್ರ ಬರುತ್ತದೆ. ದುಬಾರಿ ವಿದೇಶಿ ಆಡಿಯೋ ಕೋರ್ಸ್‌ಗೆ ಚಂದಾ ಕಟ್ಟುವ ಮುಂಚೆ, ಅದು ಕೊಡುವ ಕ್ರೆಡಿಟ್ ಇಲ್ಲಿ ಲೆಕ್ಕಕ್ಕೆ ಬರುತ್ತದಾ ಅಂತ ನಿಮ್ಮ ಕೌನ್ಸಿಲ್‌ಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಗೋವಾದವರು ಗೋವಾ ಕೌನ್ಸಿಲ್‌ಗೆ ಬರೆಯಬೇಕು, ಮುಂಬೈ ಗೆಳೆಯರ ಮಾತು ಕೇಳಿ ಕಟ್ಟಬೇಡಿ.

30 ಪಾಯಿಂಟ್ ಅಂದರೆ ವರ್ಷಕ್ಕೆ 6. ಭಾರತೀಯ ಮನೋವೈದ್ಯರ ಸಂಘದ ಪಶ್ಚಿಮ ವಲಯದ ಸಭೆಗಳು, ಬಾಂಬೆ ಸೈಕಿಯಾಟ್ರಿಕ್ ಸೊಸೈಟಿಯ ಕಾರ್ಯಕ್ರಮಗಳಿಗೆ ಹೋಗುವವರಿಗೆ ಅದು ಕಷ್ಟವಲ್ಲ. ಆ ವಾರ ಕೇಳುವ ಆಡಿಯೋವನ್ನು ಸಭೆಯ ವಿಷಯಕ್ಕೇ ಹೊಂದಿಸಿಕೊಂಡರೆ, ಅಲ್ಲಿ ಎದ್ದು ಕೇಳಲು ಒಳ್ಳೆಯ ಪ್ರಶ್ನೆಯೂ ಕೈಯಲ್ಲಿರುತ್ತದೆ. ಪ್ರಮಾಣಪತ್ರ ಕೈಗೆ ಬಂದ ದಿನವೇ ಫೋಟೋ ತೆಗೆದು ಒಂದು ಫೋಲ್ಡರ್‌ಗೆ ಹಾಕಿಡಿ, ನವೀಕರಣದ ತಿಂಗಳಲ್ಲಿ ಹುಡುಕುವಂತಾಗಬಾರದು.